ಐದನೇ ನಂಬರಿನ ಮೆದುಳು

ದಿನಾಂಕ 11-6-2000, ರವಿವಾರ. ಮಧ್ಯಾಹ್ನ 12 ಗಂಟೆ 10 ನಿಮಿಷಕ್ಕೆ ಸಿಂದಗಿ ಪೊಲೀಸ್ ಠಾಣೆಗೆ ಒಂದು ದೂರು ಬಂತು. ದೂರು ತಂದವರು ಶ್ರೀಶೈಲ ನಾಗಠಾಣ, ಬಸ್ ನಿಲ್ದಾಣದ ರಸ್ತೆಯಲ್ಲಿ ಔಷಧದಂಗಡಿಯ ಮೇಲಿನ ಮಹಡಿಯಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುವವರು. ಅವರ ಹಿಂದೆ ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದವನು ಇಂಡಿ ಪಟ್ಟಣದ ಕಂಪ್ಯೂಟರ್ ಮೆಕ್ಯಾನಿಕ್ ಕಾಸಿಂಸಾಬ.

ಪಿ.ಎಸ್.ಐ. ಬಸಂತರಾಯ ಬಿರಾದಾರ ಆಗಷ್ಟೇ ಊಟದ ಡಬ್ಬಿ ಬಿಚ್ಚಿದ್ದರು. ಮತ್ತೆ ಮುಚ್ಚಿ ಬದಿಗಿಟ್ಟರು.

"ಏನ್ ಹೋಗೇತ್ರಿ?"

"ಪ್ರೊಸೆಸರ್‌ರಿ."

"ಎಷ್ಟು ಕಂಪ್ಯೂಟರ್?"

"ಕಂಪ್ಯೂಟರ್ ಎಂಟಕ್ಕೆಂಟೂ ಅದಾವ್ರಿ. ಐದನೇ ನಂಬರಿನ ಹೊಟ್ಟಿಯೊಳಗಿಂದ ಪ್ರೊಸೆಸರ್ ಒಂದ ಇಲ್ಲ."

ಬರೆಯಲು ಕುಳಿತಿದ್ದ ಹವಾಲ್ದಾರ ಖಂಡೆಪ್ಪ ಪೆನ್ನು ಎತ್ತಿದ. "ಅದು ಎಷ್ಟು ದೊಡ್ಡದಿರ್ತೈತಿ? ಕಾಗದದಾಗ ಬರೀಬೇಕು."

ಕಾಸಿಂಸಾಬ ಬೆರಳಿನಿಂದ ಗಾಳಿಯಲ್ಲಿ ಒಂದು ಚೌಕ ಬರೆದ. "ಎರಡು ಗ್ಲೂಕೋಸ್ ಬಿಸ್ಕೀಟು ಜೋಡಿಸಿಟ್ಟಂಗ್ರಿ. ಕೆಳಗ ಸೂಜಿಯಂಥ ಮುಳ್ಳು ಇರ್ತಾವ, ಮುನ್ನೂರರ ಹತ್ತಿರ."

"ಏನ್ ಮಾಡ್ತೈತಿ ಅದು?"

"ಎಲ್ಲಾ ಅದ ಮಾಡ್ತೈತ್ರಿ. ಕಂಪ್ಯೂಟರಿನ ಮೆದುಳು ಅಂತಾರ."

"ಸರಾ ಕದ್ದವರನ್ನ ಹಿಡದೇನಿ, ಎಮ್ಮಿ ಕದ್ದವರನ್ನ ಹಿಡದೇನಿ," ಎಂದ ಖಂಡೆಪ್ಪ. "ತಲಿ ಅಲ್ಲೇ ಬಿಟ್ಟು ಬರೇ ಮೆದುಳು ಒಯ್ದವನ್ನ ಇದ ಮೊದಲ ನೋಡಾಕತ್ತೇನಿ."

ಭಾರತೀಯ ದಂಡ ಸಂಹಿತೆ ಕಲಂ 380ರ ಅಡಿಯಲ್ಲಿ, ಅಪರಿಚಿತ ಕಳ್ಳನ ಮೇಲೆ ಎಫ್.ಐ.ಆರ್. ದಾಖಲಾಯಿತು. ಡಬ್ಬಿ ಮೇಜಿನ ಮೇಲೆಯೇ ಉಳಿಯಿತು.

ಒಂದು ಗಂಟೆಗೆ ಬಿರಾದಾರರು, ಖಂಡೆಪ್ಪ ಮತ್ತು ಮಹಿಳಾ ಕಾನ್‌ಸ್ಟೇಬಲ್ ಸಾಬೀರಾ ಸ್ಥಳಕ್ಕೆ ಹೋದರು. ಬಾಗಿಲ ಹೊರಗೆ 'ಚಪ್ಪಲಿ ಇಲ್ಲಿ ಬಿಡಿ' ಎಂಬ ಹಲಗೆ. ಪೊಲೀಸರೂ ಬೂಟು ಕಳಚಿದರು. ಒಳಗೆ ಗೋಡೆಯುದ್ದಕ್ಕೂ ಎಂಟು ಕಂಪ್ಯೂಟರುಗಳು, ಪ್ರತಿಯೊಂದರ ಮೇಲೂ ಹೂವಿನ ಕಸೂತಿಯ ಹೊದಿಕೆ, ಪರದೆಗಳ ಮೂಲೆಯಲ್ಲಿ ಶುಕ್ರವಾರ ಹಚ್ಚಿದ ಕುಂಕುಮ. ಕಂಪ್ಯೂಟರ್ ಕಲಿಸುವ ಜಯಮಾಲಾ ಗೋಡೆಗೆ ಒರಗಿ ನಿಂತಿದ್ದಳು.

ಕಾಸಿಂಸಾಬ ನಡೆದುದನ್ನು ಹೇಳಿದ. ಈ ಯಂತ್ರಗಳಲ್ಲಿ ಮೂರು ವರ್ಷದಿಂದ ವಿಂಡೋಸ್ 95 ಇತ್ತು. ಹೊಸ ಬ್ಯಾಚಿಗೆ ವಿಂಡೋಸ್ 98 ಕಲಿಸಬೇಕು. ಅದಕ್ಕೆ ಈ ದಿನ ಬೆಳಿಗ್ಗೆ ಎಂಟೂವರೆಗೆ ಬಂದು ಒಂದೊಂದನ್ನೇ ಅಳಿಸಿ ಹೊಸದು ತುಂಬುತ್ತ ಬಂದಿದ್ದ. ನಾಲ್ಕು ಮುಗಿದಿದ್ದವು. ಐದನೆಯದರ ಗುಂಡಿ ಒತ್ತಿದರೆ ದೀಪ ಹತ್ತಿತು, ಹಿಂಬದಿಯ ಪಂಖ ತಿರುಗಿತು, ಪರದೆ ಮಾತ್ರ ಕಪ್ಪಗೇ ಉಳಿಯಿತು. ಬಿಚ್ಚಿ ನೋಡಿದರೆ ಪ್ರೊಸೆಸರಿನ ಜಾಗ ಖಾಲಿ.

"ಈ ವಿಂಡೋಸ್ ಬ್ಯಾರೆ, ಪ್ರೊಸೆಸರ್ ಬ್ಯಾರೆ?" ಬಿರಾದಾರರು ಕೇಳಿದರು.

"ಪ್ರೊಸೆಸರ್ ಅಂದ್ರ ಎತ್ತು ಇದ್ದಂಗ್ರಿ. ವಿಂಡೋಸ್ ಅಂದ್ರ ಗಾಡಿ ಹೊಡಿಯಾವ. ಹೊಡಿಯಾವನ್ನ ಬದಲಿ ಮಾಡಾಕ ಬಂದಿದ್ದೆ, ಎತ್ತ ಇಲ್ಲ."

"ಎತ್ತಿಲ್ಲಂದ್ರ?"

"ಹಳೇ ಹೊಡಿಯಾವನೂ ಏಳೂದಿಲ್ಲ, ಹೊಸಾವನೂ ಒಳಗ ಬರೂದಿಲ್ಲ."

ಸ್ಥಳ ಪಂಚನಾಮೆ ಶುರುವಾಯಿತು. ಬೀಗ ಒಡೆದಿಲ್ಲ. ಕಿಟಕಿಗಳು ಭದ್ರ. ಕಂಪ್ಯೂಟರಿನ ಡಬ್ಬಿಯ ನಾಲ್ಕೂ ಸ್ಕ್ರೂಗಳನ್ನು ಕಳ್ಳ ಮರಳಿ ತಿರುಗಿಸಿ ಕೂಡಿಸಿದ್ದಾನೆ. ಪ್ರೊಸೆಸರಿನ ಮೇಲಿದ್ದ ಪುಟ್ಟ ಪಂಖವನ್ನು ತೆಗೆದು ಡಬ್ಬಿಯೊಳಗೇ ಒಂದು ಮೂಲೆಯಲ್ಲಿ, ಕಾಗದ ಹಾಸಿ ಇಟ್ಟಿದ್ದಾನೆ.

"ಭಾಳ ಶಿಸ್ತಿನ ಕಳ್ಳ," ಎಂದ ಖಂಡೆಪ್ಪ. "ನಮ್ಮ ಮನ್ಯಾಗ ಇಷ್ಟು ಶಿಸ್ತಿಲ್ಲ."

ಸಾಬೀರಾ ಬಗ್ಗಿ ಡಬ್ಬಿಯ ಒಳಗೆ ನೋಡಿದಳು. ಆಮೇಲೆ ಕಾಸಿಂಸಾಬನಿಗೆ ಪಕ್ಕದ ಆರನೇ ನಂಬರನ್ನೂ ಬಿಚ್ಚಲು ಹೇಳಿದಳು. ಆರರೊಳಗೆ ಎಲ್ಲ ಕಡೆ ಬೂದು ಧೂಳು, ತಂತಿಗಳ ಮೇಲೆ ಜೇಡರ ಬಲೆ. ಐದರೊಳಗೆ ಧೂಳಿನ ಕಣವೂ ಇರಲಿಲ್ಲ. ಒದ್ದೆ ಬಟ್ಟೆಯನ್ನು ಹಿಂಡಿ ಒರೆಸಿದಂತೆ ತಗಡು ಹೊಳೆಯುತ್ತಿತ್ತು.

"ಇದನ್ನ ನೀವು ಒರಸಿದ್ರೇನು?"

"ನಾ ಯಾಕ ಒರಸಲಿ ಬಾಯಾರ, ಬಾಯಿಲೆ ಊದಿ ಮುಚ್ಚಾವ ನಾನು."

ಪಂಚನಾಮೆಯಲ್ಲಿ ಅದನ್ನೂ ಬರೆಯಿರಿ ಎಂದು ಸಾಬೀರಾ ಖಂಡೆಪ್ಪನಿಗೆ ಹೇಳಿದಳು. ಅವನು ಬರೆದ: 'ಒಳಭಾಗ ಸ್ವಚ್ಛವಾಗಿರುತ್ತದೆ.'

ಸಂಜೆ ನಾಲ್ಕಕ್ಕೆ ಠಾಣೆಯಲ್ಲಿ ಕಾಸಿಂಸಾಬನ ವಿಚಾರಣೆ ನಡೆಯಿತು. ಈ ತಾಲ್ಲೂಕಿನಲ್ಲಿ ಪ್ರೊಸೆಸರ್ ಬಿಚ್ಚಲು ಬಲ್ಲವರು ಎಷ್ಟು ಜನ ಇದ್ದಾರು.

"ಬಿಚ್ಚಾಕ ಬರೋದು ಯಾರ್ಯಾರಿಗೆ?"

"ಸಿಂದಗ್ಯಾಗ ಯಾರಿಗೂ ಬರೂದಿಲ್ರಿ. ಇಂಡಿ ಊರಾಗ ನನಗ ಒಬ್ಬಗ."

"ಅಂದ್ರ ನೀನ ಒಯ್ದಿ."

"ಸಾಹೇಬ್ರ, ನಾ ಒಯ್ಯೋದಿದ್ರ ಖಾಲಿ ಬಿಟ್ಟು ಹೋಗ್ತಿದ್ನೇನು? ಹಳೇದೊಂದು ಹಾಕಿ ಹೋಗ್ತಿದ್ದೆ. ಯಂತ್ರಾ ಸಾವಕಾಶ ನಡೀತಿತ್ತು, ಅಷ್ಟ. ಇವರಿಗೆ ವರ್ಷಗಟ್ಟಲೆ ತಿಳೀತಿರ್ಲಿಲ್ಲ."

"ಇದ್ಹಂಗ ಎಷ್ಟು ಕಡೆ ಮಾಡಿ?"

ಕಾಸಿಂಸಾಬ ಸ್ಕ್ರೂಡ್ರೈವರನ್ನು ಕಿಸೆಯೊಳಗೆ ಇಳಿಸಿದ. ಖಂಡೆಪ್ಪ ಮೀಸೆಯೊಳಗೆ ನಕ್ಕ.

"ಇತ್ತೀಚಿಗೆ ಯಾರ ಮುಂದರ ಬಿಚ್ಚೀಯೇನು?"

ಅವನು ನೆನಪಿಸಿಕೊಂಡ. ಗುರುವಾರ, ಎಂಟನೇ ತಾರೀಖು. ಮೂರನೇ ನಂಬರಿನ ಪಂಖ ಕೆಟ್ಟಿತ್ತು. ಬಿಚ್ಚಿ ಹಾಕುವಾಗ ಜಯಮಾಲಾ ವಿದ್ಯಾರ್ಥಿಗಳನ್ನೆಲ್ಲ ಸುತ್ತ ನಿಲ್ಲಿಸಿ ತೋರಿಸಿದ್ದಳು. ಈ ಕಡ್ಡಿ ಎತ್ತಬೇಕು, ಪ್ರೊಸೆಸರ್ ಹಿಂಗ ಮ್ಯಾಲ ತೆಗೀಬೇಕು ಎಂದು ಅವನೇ ಹೇಳಿದ್ದ.

ಸೋಮವಾರ ಹನ್ನೆರಡನೇ ತಾರೀಖು ಬೆಳಿಗ್ಗೆ ಪಿ.ಎಸ್.ಐ. ಮತ್ತು ಖಂಡೆಪ್ಪ ಇಂಡಿಗೆ ಹೋಗಿ ಅವನ ಅಂಗಡಿ ಶೋಧಿಸಿದರು. ಹಳೆಯ ಪ್ರೊಸೆಸರುಗಳು ಒಂದು ಬಿಸ್ಕೀಟ್ ಡಬ್ಬಿಯಲ್ಲಿ ಸಿಕ್ಕವು, ಕಳುವಾದದ್ದು ಸಿಗಲಿಲ್ಲ. ಆದರೆ ಒಂದು ವಿಷಯ ತಿಳಿಯಿತು. ತಾನು ಮಾರಿದ ಪ್ರತಿ ಪ್ರೊಸೆಸರಿನ ಅಡಿಯಲ್ಲಿ, ಮುಳ್ಳುಗಳ ನಡುವಿನ ಖಾಲಿ ಜಾಗದಲ್ಲಿ, ಕಾಸಿಂಸಾಬ ತನ್ನ ಸಹಿ ಹಾಕಿದ ಉಗುರಿನಷ್ಟು ಚೀಟಿ ಅಂಟಿಸುತ್ತಿದ್ದ. ಸಿಕ್ಕರೆ ಗುರುತು ಹಿಡಿಯಬಹುದು. ಮಧ್ಯಾಹ್ನ ಅವನನ್ನು ಕೆಲಸಕ್ಕೆ ಮರಳಿ ಬಿಟ್ಟರು. ಸಂಜೆಯೊಳಗೆ ಅವನು ಉಳಿದ ಮೂರು ಯಂತ್ರಗಳನ್ನೂ ಅಳಿಸಿ ಹೊಸ ವಿಂಡೋಸ್ ತುಂಬಿದ.

ಅದೇ ಸಂಜೆ ಐದು ಗಂಟೆಗೆ ಕೇಂದ್ರದಲ್ಲಿ ಕೀಲಿಕೈ ಇಟ್ಟುಕೊಂಡವರ ಹೇಳಿಕೆ ಪಡೆದರು. ಒಂದು ಕೀಲಿಕೈ ಶ್ರೀಶೈಲನದು. ಇನ್ನೊಂದು ಕಸ ಹೊಡೆಯುವ ಚಂದವ್ವನದು. ಚಂದವ್ವನಿಗೆ ನಲವತ್ತರ ಮೇಲೆ. ಕೇಳಿದಾಗ ಅವಳು ಬಾರಿಗೆಯನ್ನು ಗೋಡೆಗೆ ನಿಲ್ಲಿಸಿ, ಸೆರಗು ತಲೆಯ ಮೇಲೆ ಎಳೆದುಕೊಂಡು ಬಂದು ನಿಂತಳು.

"ಶನಿವಾರ ಸಂಜಿಗೆ ಕೀಲಿ ಯಾರು ಹಾಕಿದ್ರು?"

"ನಾನ್ರಿ."

"ಎಷ್ಟೊತ್ತಿಗೆ?"

"ಹೊತ್ತು ಮುಳುಗೋಕಿಂತ ಮೊದಲ್ರಿ. ಕಸಾ ಹೊಡದು, ನೆಲಾ ಒರಸಿ ಹಾಕಿದೆ."

"ಯಾರರ ಬಂದಿದ್ರೇನು?"

"ಇಲ್ರಿ."

"ಮನ್ಯಾಗ ಯಾರ್ಯಾರ ಅದೀರಿ?"

"ನಾ ಒಬ್ಬಾಕಿನ್ರಿ. ಗಂಡ ಅಮೋಘಸಿದ್ಧ ಕುರಿ ಹೊಡಕೊಂಡು ಮುದ್ದೇಬಿಹಾಳ ಕಡೆ ಹೊಳಿದಂಡಿಗೆ ಹೋಗ್ಯಾನ್ರಿ. ಕಾರಹುಣ್ಣಿವಿ ಹಬ್ಬಕ್ಕ ಬರ್ತಾನ."

ಖಂಡೆಪ್ಪ ಹೇಳಿಕೆಯ ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಂಡ. ಹೊರಡಬೇಕಾದ ಚಂದವ್ವ ಹೊರಡಲಿಲ್ಲ. ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಕೇಳಿದಳು.

"ಸಾಹೇಬ್ರ, ಉಳದವು ಏಳೂ ಅಳಿಸಿದ್ರೇನ್ರಿ?"

"ಅಳಿಸ್ಯಾರ. ಯಾಕ?"

"ಸುಮ್ನ ಕೇಳಿದ್ನಿ."

ಅವಳು ಬಾರಿಗೆ ಎತ್ತಿಕೊಂಡು ಹೋದಳು. ಸಾಬೀರಾ ಅವಳು ಹೋದ ಬಾಗಿಲನ್ನೇ ಸ್ವಲ್ಪ ಹೊತ್ತು ನೋಡಿದಳು.

ಹೋಗುವ ಮುನ್ನ ಬಿರಾದಾರರು ಜಯಮಾಲಾಳ ಹಾಜರಿ ಪುಸ್ತಕ ತರಿಸಿದರು. ಎಂಟು ಯಂತ್ರಗಳೂ ಒಂದೇ ದಿನ ಕೊಂಡವು, ಒಂದೇ ತರಹದ ಪೆಂಟಿಯಂ. ಹಾಗಿದ್ದರೆ ಐದನೆಯದೇ ಏಕೆ?

"ಐದಕ್ಕ ಏನರ ವಿಶೇಷ ಐತೇನು?"

"ಹಾಡು ಕೇಳಸೋ ಕಿಟ್ ಅದಕ್ಕ ಒಂದಕ್ಕ ಐತ್ರಿ. ಸ್ಪೀಕರ್, ಮೈಕು. ಉಳದವು ಮೂಕ," ಎಂದಳು ಜಯಮಾಲಾ.

"ಅದರ ಮುಂದ ಯಾರು ಕೂಡ್ತಿದ್ರು?"

ಅವಳು ಪುಸ್ತಕ ತಿರುವಿದಳು. ಸಂಜೆ ನಾಲ್ಕರಿಂದ ಐದು ಗಂಟೆಯ ಬ್ಯಾಚಿನಲ್ಲಿ ಒಂದು ಹೆಸರು. ಏಪ್ರಿಲ್ ಹದಿನೈದರವರೆಗೆ ಹಾಜರಿ, ಆಮೇಲೆ ಗೆರೆ.

"ಸುನೀತಾ. ಈಕಿ ಯಾಕ ಬಿಟ್ಲು?"

"ಬಿಡ್ಲಿಲ್ರಿ." ಜಯಮಾಲಾ ಪುಸ್ತಕದ ಮೇಲೆ ಕೈಯಿಟ್ಟಳು. "ತೀರಿಕೊಂಡ್ಲು. ಮೂರು ದಿನದ ಜ್ವರಾ. ಚಂದವ್ವನ ಮಗಳ್ರಿ. ಹದಿನೇಳು ವರ್ಷ."

ಖಂಡೆಪ್ಪ ಪೆನ್ನಿನ ಮುಚ್ಚಳ ಹಾಕಿದ, ಮತ್ತೆ ತೆಗೆದ.

ಮೆಟ್ಟಿಲಿಳಿದು ರಸ್ತೆಗೆ ಬಂದ ಮೇಲೆ ಸಾಬೀರಾ ಹೇಳಿದಳು: "ಸರ್, ಹೇಳಾಕ ಮನಸ್ಸಿಲ್ಲ. ಆದ್ರ ಹೇಳ್ತೇನಿ. ಧೂಳಾ ಕಂಡಲ್ಲಿ ಕೈ ಸುಮ್ಮನಿರದವರು ಕಳ್ಳತನ ಮಾಡೂ ಮುಂದನೂ ಒರಸ್ತಾರ. ನಮ್ಮವ್ವ ಹಂಗ. ಮಂದಿ ಮನೀಗೆ ಹೋದ್ರೂ ಜಗಲಿ ಒರಸಿ ಬರ್ತಿದ್ಲು."

"ನಾಳೆ ಮುಂಜಾನೆ ನೀನೂ ಬಾ," ಎಂದರು ಬಿರಾದಾರರು.

ದಿನಾಂಕ 13-6-2000, ಮಂಗಳವಾರ, ಬೆಳಿಗ್ಗೆ 8-30. ಊರ ಅಂಚಿನಲ್ಲಿ ಚಂದವ್ವನ ಮನೆ. ಒಂದೇ ಕೋಣೆ, ಮುಂದೆ ಸಾರಿಸಿದ ಅಂಗಳ. ಇಬ್ಬರು ಪಂಚರೊಂದಿಗೆ ಪೊಲೀಸರು ಬಂದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಅವರನ್ನು ನೋಡಿ ಹಂಚು ಇಳಿಸಿದಳು, ಒಲೆಯ ಕಟ್ಟಿಗೆ ಹಿಂದಕ್ಕೆಳೆದಳು, ಕೈ ತೊಳೆದುಕೊಂಡಳು. ಯಾಕೆ ಬಂದಿರಿ ಎಂದು ಕೇಳಲಿಲ್ಲ.

"ಶೋಧ ಮಾಡೋದೈತಿ, ಚಂದವ್ವಾ."

"ಮಾಡ್ರಿ. ಜಗಲಿ ಮ್ಯಾಲ ಐತ್ರಿ."

ಗೋಡೆಯೊಳಗಿನ ದೇವರ ಜಗಲಿಯ ಮೇಲೆ ಎರಡು ಫೋಟೋ, ಒಂದು ಹಿತ್ತಾಳೆಯ ದೀಪ, ಭಂಡಾರದ ಚೀಲ. ಪಕ್ಕದಲ್ಲಿ ಒಂದು ಹೊಸ ಕುಪ್ಪಸದ ತುಂಡು ನಾಲ್ಕು ಮಡಿಕೆಯಾಗಿತ್ತು. ಸಾಬೀರಾ ಅದನ್ನು ಬಿಡಿಸಿದಳು. ಒಳಗೆ ಬೂದು ಬಣ್ಣದ ಚೌಕ ಬಿಲ್ಲೆ, ಒಂದು ಮೈಗೆ ಬಂಗಾರದ ಬಣ್ಣದ ಮುಳ್ಳುಗಳು. ಇನ್ನೊಂದು ಮೈಗೆ ಅರಿಶಿನ ಕುಂಕುಮ ಹಚ್ಚಿತ್ತು. ಮುಳ್ಳುಗಳ ನಡುವೆ ಉಗುರಿನಷ್ಟು ಚೀಟಿ, ಅದರ ಮೇಲೆ ಕಾಸಿಂಸಾಬನ ಸಹಿ.

"ಇದನ್ನ ಯಾಕ ತಂದಿ?"

"ಅದರಾಗ ಅಕೀ ಧ್ವನಿ ಐತ್ರಿ."

ಬಿರಾದಾರರು ಬಾಗಿಲ ಬಳಿಯ ಕಂಬಕ್ಕೆ ಒರಗಿ ಕುಳಿತರು. ಚಂದವ್ವ ನಿಂತುಕೊಂಡೇ ಹೇಳಿದಳು. ಮಗಳು ಐದನೇ ನಂಬರಿನ ಮುಂದೆ ಕೂತು ಮೈಕಿನಲ್ಲಿ ಅಪ್ಪನಿಗೆಂದು ಮಾತಾಡಿದ್ದಳು. ಅದಾಗಿ ನಾಲ್ಕು ದಿನಕ್ಕೆ ಸತ್ತಳು. ಮುದ್ದೇಬಿಹಾಳದ ಕಡೆ ಹೊಲ ಹೊಲ ಕುರಿ ಕೂಡಿಸುತ್ತ ತಿರುಗುವವನಿಗೆ ಸುದ್ದಿ ಮುಟ್ಟುವುದರೊಳಗೆ ಮಣ್ಣು ಮಾಡಿಯಾಗಿತ್ತು. ಏಪ್ರಿಲ್ ಬಿಸಿಲು, ಇಡುವಂತಿರಲಿಲ್ಲ. ಅವನು ಬಂದ, ಮಣ್ಣು ನೋಡಿದ, ಕುರಿಗಳ ಹತ್ತಿರ ತಮ್ಮ ಒಬ್ಬನೇ ಇದ್ದಾನೆ ಎಂದು ಮರಳಿ ಹೋದ.

"ಮಾರಿ ಕಾಣ್ಲಿಲ್ರಿ ಅವಗ. ಒಂದ ಮಾತೂ ಆಡ್ಲಿಲ್ಲ. ನನಗ ಆಗ ತಲ್ಯಾಗ ಏನೂ ಇರ್ಲಿಲ್ಲ, ಧ್ವನಿ ಐತಿ ಅನ್ನೋದ ಮರತಿದ್ದೆ. ಅವ ಹೋದ ಮ್ಯಾಲ ನೆನಪಾತು. ಕಾರಹುಣ್ಣಿವಿಗೆ ಬಂದಾಗ ಕೇಳಸ್ತೇನಿ ಅಂತ ಇದ್ದೆ. ಶನಿವಾರ ಧಣೇರು ಅಂದ್ರು, ನಾಳೆ ಎಲ್ಲಾ ಅಳಿಸಿ ಹೊಸದು ಹಾಕ್ತಾರ ಅಂತ."

"ಬಿಚ್ಚೋದು ಯಾರು ಕಲಿಸಿದ್ರು?"

"ಗುರುವಾರ ಕಾಸಿಂಸಾಬ ಬಿಚ್ಚೂ ಮುಂದ ನೋಡಿದ್ನಿ. ಒಂದ ಸಲ ನೋಡಿದ ಕೆಲಸಾ ನನಗ ಬರ್ತೈತ್ರಿ."

"ಧ್ವನಿ ಇದರಾಗ ಐತಿ ಅಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ. ಆ ಅಕ್ಕಾರು ಪ್ರತಿ ಬ್ಯಾಚಿಗೂ ಕಲಿಸ್ತಾರಲ್ಲ, ಇದು ಕಂಪ್ಯೂಟರಿನ ಮೆದುಳು ಅಂತ. ಮೂರು ವರ್ಷ ಕಸಾ ಹೊಡಕೋತ ಕೇಳೇನಿ. ನೆನಪು ಮೆದುಳಿನ್ಯಾಗ ಅಲ್ದ ಮತ್ತೆಲ್ಲಿ ಇರ್ತೈತ್ರಿ?" ಅವಳು ಸಾಬೀರಾಳ ಕೈಯಲ್ಲಿದ್ದ ಬಿಲ್ಲೆಯನ್ನು ನೋಡಿದಳು. "ಮುಂಜಾನೆ ಎದ್ದು ಕಿವಿಗೆ ಹಿಡದಿದ್ನಿ. ಏನೂ ಕೇಳ್ಲಿಲ್ಲ. ಕರೆಂಟ್ ಬೇಕೇನೋ ಅಂತ ಸುಮ್ನಾದೆ."

ಜಪ್ತಿ ಪಂಚನಾಮೆ 9-40ಕ್ಕೆ ಮುಗಿಯಿತು. ಸಾಬೀರಾ ಅವಳಿಗೆ ಬಡಿದಿಟ್ಟ ರೊಟ್ಟಿಯಲ್ಲಿ ಒಂದನ್ನು ತಿನ್ನಿಸಿಯೇ ಕರೆದೊಯ್ದಳು.

ಹನ್ನೊಂದಕ್ಕೆ ತರಬೇತಿ ಕೇಂದ್ರದಲ್ಲಿ ವಸ್ತುವಿನ ಗುರುತಿಸುವಿಕೆ. ಕಾಸಿಂಸಾಬ ತನ್ನ ಚೀಟಿ ನೋಡಿ ಇದೇ ಎಂದ. ಹಲ್ಲುಜ್ಜುವ ಬ್ರಶ್ಶಿನಿಂದ ಕುಂಕುಮ ತೆಗೆಯುತ್ತ, ಬಾಗಿದ ಎರಡು ಮುಳ್ಳುಗಳನ್ನು ಸೂಜಿಯಿಂದ ನೆಟ್ಟಗೆ ಮಾಡುತ್ತ, ವಿಷಯವನ್ನೆಲ್ಲ ಕೇಳಿಸಿಕೊಂಡ. ಅವನ ಕೈ ನಿಂತಿತು.

"ಯವ್ವಾ, ಇದರಾಗ ಏನೂ ಇರೂದಿಲ್ಲ. ಇದು ಲೆಕ್ಕಾ ಮಾಡ್ತೈತಿ, ಕರೆಂಟ್ ಹೋಯ್ತಂದ್ರ ಎಲ್ಲಾ ಮರೀತೈತಿ. ಇಟ್ಟಿದ್ದು ಎಲ್ಲಾ ಹಾರ್ಡ್ ಡಿಸ್ಕಿನ್ಯಾಗ ಇರ್ತೈತಿ." ಡಬ್ಬಿಯೊಳಗಿನ ಇನ್ನೊಂದು ಪೆಟ್ಟಿಗೆಯನ್ನು ತೋರಿಸಿದ. "ನಾವು ಅಳಸೋದು ಅದನ್ನ."

ಚಂದವ್ವ ಆ ಪೆಟ್ಟಿಗೆಯನ್ನು ನೋಡಿದಳು. ಅಲ್ಲೇ ನೆಲದ ಮೇಲೆ ಕುಳಿತಳು.

"ಅಂದ್ರ ಅಳಿಸಿತು."

ಜಯಮಾಲಾ ಅವಳ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಳು. "ಚಂದಕ್ಕಾ, ನನ್ನ ಒಂದ ಮಾತು ಕೇಳಿದ್ರ ಫ್ಲಾಪಿಗೆ ಹಾಕಿ ಕೊಡ್ತಿದ್ದೆ. ಒಂದ ಮಾತು."

"ಕೇಳಿದ್ನೆವ್ವಾ," ಎಂದಳು ಚಂದವ್ವ. "ಶನಿವಾರ. ಐದರಾಗಿಂದೂ ಹೋಗ್ತೈತೇನು ಅಂತ. ಎಲ್ಲಾ ಹೋಗ್ತೈತಿ, ದಾರಿ ಬಿಡು, ಒದ್ದಿ ನೆಲಾ ಐತಿ ಅಂದ್ರಿ."

ಜಯಮಾಲಾ ಮುಖ ಮುಚ್ಚಿಕೊಂಡಳು. ಅವಳಿಗೆ ಈಗ ನೆನಪಾಯಿತು.

ಕಾಸಿಂಸಾಬ ಮಾತ್ರ ಸ್ಕ್ರೂಡ್ರೈವರ್ ಹಿಡಿದು ಹಾಗೇ ನಿಂತಿದ್ದ. ನಿಧಾನವಾಗಿ ಹೇಳಿದ: "ಅಳಿಸಿಲ್ಲ."

"ಏನು?" ಎಂದರು ಬಿರಾದಾರರು.

"ಏಳು ಅಳಿಸೇನ್ರಿ. ಇದನ್ನ ಅಳಿಸಾಕ ಮೊದಲ ಚಾಲೂ ಆಗ್ಬೇಕಲ್ಲ. ಪ್ರೊಸೆಸರ್ ಇಲ್ದ ಹೆಂಗ ಆಗ್ತೈತಿ? ಈಕಿ ಒಯ್ದಿದ್ದಕ್ಕ ಅದು ಉಳದೈತಿ, ಸಾಹೇಬ್ರ."

ಅವನು ಬಿಲ್ಲೆಯನ್ನು ಜಾಗದಲ್ಲಿ ಕೂಡಿಸಿ ಕಡ್ಡಿ ಒತ್ತಿದ. ಪಂಖ ಹಾಕಿದ. ಗುಂಡಿ ಒತ್ತಿದ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳಲ್ಲಿ ಪ್ರೊಸೆಸರಿನ ಹೆಸರು ಬಂತು, ಆಮೇಲೆ ಮೋಡ ತೇಲುವ ಆಕಾಶದ ಮೇಲೆ ವಿಂಡೋಸ್ 95 ಎಂಬ ಬರಹ. ಎಂಟು ಯಂತ್ರಗಳಲ್ಲಿ ಆ ಹಳೆಯ ಆಕಾಶ ಉಳಿದದ್ದು ಇದೊಂದರಲ್ಲೇ. ಅದು ಸರಿದ ಮೇಲೆ ಪರದೆಯ ಬದಿಯಲ್ಲಿ ಒಂದು ಚಿಕ್ಕ ಸ್ಪೀಕರಿನ ಚಿತ್ರ, ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ 'ಅಪ್ಪ' ಎಂಬ ಹೆಸರು.

ಜಯಮಾಲಾ ಕಣ್ಣೊರೆಸಿಕೊಂಡು ಮೌಸ್ ಹಿಡಿದಳು. ಚಂದವ್ವ ಅವಳ ಮಣಿಕಟ್ಟನ್ನು ಹಿಡಿದಳು.

"ಬ್ಯಾಡವ್ವಾ. ಐತಿ ಅಲ್ಲ?"

"ಐತಿ."

"ಸಾಕು. ಅವ ಬರ್ಲಿ. ಮೊದಲ ಅವ ಕೇಳ್ಲಿ."

ದೂರು ಕೊಟ್ಟ ಶ್ರೀಶೈಲ ಬಂದು ಬಿರಾದಾರರನ್ನು ಬದಿಗೆ ಕರೆದ. "ಸಾಹೇಬ್ರ, ದೂರು ಹರದು ಹಾಕ್ರಿ. ನನಗೇನೂ ಬ್ಯಾಡ."

"ಹರಿಯಾಕ ಬರೂದಿಲ್ರಿ. ಬರದದ್ದು ಬರದಂಗ. ಏನಿದ್ರೂ ಕೋರ್ಟಿನ ಮುಂದ ಹೇಳ್ರಿ. ನಾನೂ ಹೇಳ್ತೇನಿ."

ಮಧ್ಯಾಹ್ನ 1-15ಕ್ಕೆ ಚಂದವ್ವನನ್ನು ದಸ್ತಗಿರಿ ಮಾಡಲಾಯಿತು. ಕೆಲಸದಾಳು ಮಾಡಿದ ಕಳವು ಎಂದು ಕಲಂ 381 ಸೇರಿತು. ದಸ್ತಗಿರಿಯ ಕಾಗದದಲ್ಲಿ ಸುದ್ದಿ ಯಾರಿಗೆ ತಿಳಿಸಬೇಕು ಎಂಬ ಸಾಲು ಇರುತ್ತದೆ. ಅಮೋಘಸಿದ್ಧ, ಊರು ಇಲ್ಲ, ಹೊಲ ಎಂದು ಅವಳು ಹೇಳಿದಳು. ಖಂಡೆಪ್ಪ ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಎರಡೂ ಠಾಣೆಗಳಿಗೆ ವೈರ್‌ಲೆಸ್ ಸಂದೇಶ ಕಳಿಸಿದ.

ಹೊರಡುವಾಗ ಬಿರಾದಾರರು ಐದನೇ ನಂಬರಿನ ಕಂಪ್ಯೂಟರನ್ನು ಪೂರ್ತಿಯಾಗಿ, ಪರದೆ ಸ್ಪೀಕರುಗಳ ಸಮೇತ, ಜಪ್ತಿ ಮಾಡಿದರು.

"ಹೋಗಿದ್ದು ಬಿಲ್ಲಿ ಒಂದ," ಎಂದ ಖಂಡೆಪ್ಪ. "ಇಷ್ಟೆಲ್ಲಾ ಯಾಕ ಒಯ್ಯೋದ್ರಿ?"

"ಪುರಾವೆ," ಎಂದರು ಬಿರಾದಾರರು. "ಜಪ್ತಿ ಆದ ಮುದ್ದೆಮಾಲಿಗೆ ಯಾರೂ ಕೈ ಹಚ್ಚಂಗಿಲ್ಲ. ಯಾರೂ ಅಳಸಂಗಿಲ್ಲ. ಬರಿ."

ಖಂಡೆಪ್ಪ ಬರೆದ.

ಹದಿನಾಲ್ಕರಂದು ನ್ಯಾಯಾಲಯ ಅವಳಿಗೆ ಜಾಮೀನು ಕೊಟ್ಟಿತು. ಪ್ರತಿ ಶುಕ್ರವಾರ ಬೆಳಿಗ್ಗೆ ಠಾಣೆಗೆ ಬಂದು ಹೆಬ್ಬೆಟ್ಟು ಒತ್ತಬೇಕು ಎಂಬುದು ಷರತ್ತು. ಮೊದಲ ಶುಕ್ರವಾರ ಹದಿನಾರನೇ ತಾರೀಖು, ಕಾರಹುಣ್ಣಿಮೆ. ರಸ್ತೆಯಲ್ಲಿ ಕೋಡಿಗೆ ಬಣ್ಣ ಬಳಿದ ಎತ್ತುಗಳು ಹೋಗುತ್ತಿದ್ದವು. ಚಂದವ್ವ ಹತ್ತು ಗಂಟೆಗೆ ಬಂದಳು. ಜೊತೆಗೆ ಹೆಗಲ ಮೇಲೆ ಕಂಬಳಿ ಹಾಕಿದ ಎತ್ತರದ ಮನುಷ್ಯ. ಬಾಗೇವಾಡಿಯ ಪೊಲೀಸರು ಅವನನ್ನು ಕುರಿಗಳ ಸಮೇತ ದಾರಿಯ ಮೇಲೇ ಕಂಡಿದ್ದರು. ಕುರಿಗಳನ್ನು ತಮ್ಮನಿಗೆ ಒಪ್ಪಿಸಿ, ಹಿಂದಿನ ದಿನ ಬಸ್ಸು ಹತ್ತಿ ಬಂದಿದ್ದ.

ಕಂಪ್ಯೂಟರನ್ನು ಖಂಡೆಪ್ಪನ ಮೇಜಿನ ಮೇಲೆ ಜೋಡಿಸಿಟ್ಟಿದ್ದರು. ಕರೆಸಿದ ಸಮಯಕ್ಕೆ ಕಾಸಿಂಸಾಬ ಬಂದಿದ್ದ, ಜಯಮಾಲಾಳೂ ಇದ್ದಳು. ಮುದ್ದೆಮಾಲಿನ ತಪಾಸಣೆ ಎಂದು ಬಿರಾದಾರರು ಠಾಣೆಯ ದಿನಚರಿಯಲ್ಲಿ ಬರೆಸಿದರು. ಸಮಯ 10-25.

ಅಮೋಘಸಿದ್ಧನಿಗೆ ಕುರ್ಚಿ ಕೊಟ್ಟರು. ಅವನು ಕುಳಿತುಕೊಳ್ಳಲಿಲ್ಲ. ಜಯಮಾಲಾ ಮೌಸ್ ಒತ್ತಿದಳು. ಮೊದಲು ಸರಸರ ಎಂಬ ಸದ್ದು, ಯಾರೋ ಮೈಕನ್ನು ಸರಿಸಿದಂತೆ. ಆಮೇಲೆ ಠಾಣೆಯ ಕೋಣೆಯ ತುಂಬ ಒಂದು ಹುಡುಗಿಯ ಧ್ವನಿ.

"ಅಪ್ಪಾ, ನಾ ಸುನೀತಾ. ಕಂಪ್ಯೂಟರಿನ ಒಳಗಿಂದ ಮಾತಾಡಾಕತ್ತೇನಿ. ನೀ ಅಲ್ಲಿ ಹೊಳಿದಂಡ್ಯಾಗ ಅದಿ, ನಾ ಇಲ್ಲಿ ಅದೇನಿ. ಯವ್ವ ಹಿಂದ ಬಾರಿಗಿ ಹಿಡಕೊಂಡು ನಿಂತು ನಗಾಕತ್ತಾಳ. ಯವ್ವಾ, ಸುಮ್ನಿರ, ನಿನ್ನ ನಗೀನೂ ಒಳಗ ಬರ್ತೈತಿ."

ದೂರದಿಂದ ಒಬ್ಬ ಹೆಂಗಸು ನಕ್ಕಳು. ಗೋಡೆಯ ಬಳಿ ನಿಂತಿದ್ದ ಚಂದವ್ವ, ಆ ನಗು ಯಾರದೆಂದು ತಿಳಿಯದವಳಂತೆ ತಲೆಯೆತ್ತಿದಳು.

"ಅಪ್ಪಾ, ನೀ ಕುರಿ ಕರಿಯೋದು ನನಗೂ ಬರ್ತೈತಿ, ಕೇಳು." ಹುಡುಗಿ ನಾಲಿಗೆ ಹೊರಳಿಸಿ ಕರೆದಳು, ಹುರ್ರ್, ಹುರ್ರ್ ಎಂದು, ಎರಡು ಸಲ. "ಹಂಗ ಐತಿಲ್ಲೊ? ಕರೀ ಮರಿಗೆ ನನ್ನ ಹೆಸರ ಇಟ್ಟೀಯಂತ, ಕಾಕಾ ಹೇಳಿದ. ನಾ ಅಷ್ಟ ಕರ್ರಗ ಅದೇನೇನು? ನೀ ಬಾ, ನಿನಗ ಹೇಳ್ತೇನಿ. ಅಪ್ಪಾ, ಕಾರಹುಣ್ಣಿವಿಗೆ ತಪ್ಪಿಸಬ್ಯಾಡ. ಬರೂ ಮುಂದ ಬಾಗೇವಾಡಿ ಪ್ಯಾಟ್ಯಾಗ ನನಗೊಂದು"

ಅಲ್ಲಿಗೆ ನಿಂತಿತು.

"ಮುಂದ?" ಎಂದ ಅಮೋಘಸಿದ್ಧ.

ಜಯಮಾಲಾ ತಲೆ ತಗ್ಗಿಸಿದಳು. "ಅಷ್ಟ್ರಿ. ಈ ವಿಂಡೋಸಿನ ರೆಕಾರ್ಡರ್ ಒಂದು ನಿಮಿಷಕ್ಕ ನಿಲ್ತೈತಿ. ಅಕೀಗೆ ಹೇಳಿದ್ದೆ. ಮಾತಾಡೂ ಗದ್ದಲದಾಗ ಮರತಾಳ."

ಅವನು ಹೆಂಡತಿಯ ಕಡೆ ತಿರುಗಿದ. "ಏನ್ ತರಾಕ ಹೇಳಿದ್ಲು?"

"ನಾ ಕೇಳಿದ್ನಿ," ಎಂದಳು ಚಂದವ್ವ. "ಅಪ್ಪಗ ಹೇಳ್ತೇನಿ, ನಿನಗ್ಯಾಕ ಅಂದ್ಲು."

ಅಮೋಘಸಿದ್ಧ ಕಂಬಳಿಯನ್ನು ಹೆಗಲಿನಿಂದ ತೆಗೆದು ಎದೆಗೆ ಹಿಡಿದುಕೊಂಡ. "ನಾ ನಿನ್ನಿ ಆ ಪ್ಯಾಟ್ಯಾಗ ಹಾಯ್ದು ಬಂದೇನಿ," ಎಂದ. ಯಾರಿಗೆ ಹೇಳಿದನೋ ತಿಳಿಯಲಿಲ್ಲ.

ಬಿರಾದಾರರು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. ದೋಷಾರೋಪ ಪಟ್ಟಿಯ ಕರಡು ಅವರ ಮೇಜಿನ ಮೇಲಿತ್ತು. ಕಳವಿನ ಉದ್ದೇಶ ಎಂಬಲ್ಲಿ ಖಂಡೆಪ್ಪ ಎರಡು ದಿನದಿಂದ ಏನೂ ಬರೆದಿರಲಿಲ್ಲ. ಈ ದಿನ ಬಿರಾದಾರರು ತಾವೇ ಬರೆದರು: 'ಸತ್ತ ಮಗಳ ಒಂದು ನಿಮಿಷದ ಮಾತನ್ನು ಅವಳ ತಂದೆಗೆ ಕೇಳಿಸಬೇಕೆಂದು.' ಲಾಭ ಎಂಬಲ್ಲಿ ಒಂದು ಗೆರೆ ಎಳೆದರು.

ಜಯಮಾಲಾ ಆ ಧ್ವನಿಯನ್ನು ಒಂದು ಫ್ಲಾಪಿಗೆ ಹಾಕಿ, ಮೇಲೆ ಹೆಸರು ಬರೆದು ಚಂದವ್ವನ ಕೈಗೆ ಕೊಟ್ಟಳು. ಎಲ್ಲಿಯಾದರೂ ಕಂಪ್ಯೂಟರ್ ಇದ್ದಲ್ಲಿ ಹಾಕಿದರೆ ಕೇಳುತ್ತದೆ ಎಂದಳು. ಚಂದವ್ವ ಅದನ್ನು ಕಿವಿಗೆ ಹಿಡಿಯಲಿಲ್ಲ. ಕುಪ್ಪಸದ ಅದೇ ತುಂಡಿನಲ್ಲಿ ನಾಲ್ಕು ಮಡಿಕೆ ಮಾಡಿ ಸುತ್ತಿ, ಟೊಂಕಕ್ಕೆ ಸಿಕ್ಕಿಸಿಕೊಂಡಳು.

"ಇನ್ನೊಮ್ಮೆ ಹಚ್ರಿ," ಎಂದ ಅಮೋಘಸಿದ್ಧ.

ಜಯಮಾಲಾ ಹಚ್ಚಿದಳು. ಈ ಸಲ ಅವನು ಮಂಡಿಯೂರಿ ಸ್ಪೀಕರಿನ ಹತ್ತಿರ ತಲೆಯಿಟ್ಟುಕೊಂಡು ಕೇಳಿದ. ಕುರಿ ಕರೆಯುವಲ್ಲಿ ಅವನ ತುಟಿಗಳೂ ಅಲುಗಿದವು. ಧ್ವನಿ ಮೊದಲಿನ ಜಾಗಕ್ಕೆ ಬಂದು ನಿಂತ ಮೇಲೂ ಅವನು ತಲೆಯೆತ್ತಲಿಲ್ಲ. ಡಬ್ಬಿಯೊಳಗೆ ಪ್ರೊಸೆಸರಿನ ಪುಟ್ಟ ಪಂಖ ತಿರುಗುತ್ತಿತ್ತು. ಅದರ ಸದ್ದನ್ನೇ ಕೇಳುತ್ತ ಕುಳಿತ.